ಲೈವ್ ಕೋಡಿಂಗ್ ಪಟ್ಟಿ: ಯಾರನ್ನು ಸೇರಿಸಬೇಕು, ಯಾವ ಟೈಮ್ ಬರೆಯಬೇಕು?

ಈ ತಿಂಗಳ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯ ಹಿಡಿದು ಬಂದಿವೆ. ಪ್ರೋಗ್ರಾಮರ್‌ಗಳು ನೇರ ಪ್ರಸಾರದಲ್ಲಿ ಕೋಡ್ ಬರೆಯುವುದನ್ನು ನೋಡಿಯೂ ಕಲಿಯಬಹುದು ಎಂದು ಕಳೆದ ಸಂಚಿಕೆಯಲ್ಲಿ ಎರಡು ಸಾಲು ಬರೆದಿದ್ದೆ. ನಾನು ಪಾಠ ಮಾಡುವ ದಾವಣಗೆರೆಯ ಪಾಲಿಟೆಕ್ನಿಕ್‌ನಲ್ಲಿ ಮಕ್ಕಳೇ ಸೇರಿ ಅಂಥ ಪ್ರಸಾರಗಳ ಪಟ್ಟಿ ಮಾಡಿಟ್ಟುಕೊಂಡಿದ್ದಾರೆ ಎಂದೂ ಹೇಳಿದ್ದೆ. ಆ ಎರಡು ಸಾಲಿಗೆ ಇಷ್ಟೊಂದು ಪತ್ರ! ತುಂಬ ಖುಷಿಯಾಯಿತು. ಹಾಗಾಗಿ ಈ ಸಲ ಪೂರ್ತಿ ಜಾಗ ಅದಕ್ಕೇ. ಉಳಿದ ಪ್ರಶ್ನೆಗಳು ಮುಂದಿನ ತಿಂಗಳಿಗೆ.

ಪ್ರಶ್ನೆ: ಮೇಡಂ, ನಾವು ಐದನೇ ಸೆಮಿಸ್ಟರ್ ಎಂಜಿನಿಯರಿಂಗ್ ಓದುವ ಗೆಳತಿಯರು. ತಪ್ಪದೆ ಲೈವ್ ಬರುವ ಪ್ರೋಗ್ರಾಮಿಂಗ್ ಚಾನೆಲ್‌ಗಳ ಪಟ್ಟಿ ಮಾಡಿ ಕಾಲೇಜಿನವರಿಗೆಲ್ಲ ಕೊಡಬೇಕು ಅಂತಿದ್ದೇವೆ. ವಾಟ್ಸಾಪ್ ಗುಂಪಿನಲ್ಲಿ ಕೇಳಿದ್ದಕ್ಕೆ ಇನ್ನೂರಕ್ಕೂ ಜಾಸ್ತಿ ಲಿಂಕ್ ಬಂದವು. ಈಗ ಎಲ್ಲಿಂದ ಶುರು ಮಾಡುವುದೋ ತಿಳಿಯುತ್ತಿಲ್ಲ. — ವಿದ್ಯಾರ್ಥಿನಿ, ವಿದ್ಯಾನಗರ, ದಾವಣಗೆರೆ

ಉತ್ತರ: ಇನ್ನೂರರಲ್ಲಿ ಇಪ್ಪತ್ತು ಉಳಿದರೆ ಸಾಕು. ಬೇಜಾರು ಮಾಡಿಕೊಳ್ಳಬೇಡಿ. ಇಪ್ಪತ್ತು ಹೆಸರಾದರೆ ತಿಂಗಳಿಗೊಮ್ಮೆ ನೀವೇ ಕೂತು ಎಲ್ಲವನ್ನೂ ತೆರೆದು ನೋಡಬಹುದು. ಇನ್ನೂರನ್ನು ಯಾರೂ ನೋಡುವುದಿಲ್ಲ. ನಿಮ್ಮ ಜೂನಿಯರ್ ಒಬ್ಬಳು ಪಟ್ಟಿ ನಂಬಿ ಊಟ ಬೇಗ ಮುಗಿಸಿ ಫೋನ್ ಹಿಡಿದು ಕೂತಳು ಅಂದುಕೊಳ್ಳಿ. ಆ ಚಾನೆಲ್‌ನಲ್ಲಿ ಒಂದು ವರ್ಷದಿಂದ ಏನೂ ಬಂದಿಲ್ಲ ಅಂತ ಗೊತ್ತಾದರೆ ಅವಳು ಆ ಪಟ್ಟಿಯನ್ನು ಮತ್ತೆ ತೆರೆಯುವುದಿಲ್ಲ.

ಮೊದಲು ನಿಜವಾಗಿ ಲೈವ್ ಯಾವುದು ಅಂತ ಬೇರೆ ಮಾಡಿ. ಯೂಟ್ಯೂಬ್‌ನಲ್ಲಿ 'ಪ್ರೀಮಿಯರ್' ಅಂತ ಒಂದಿದೆ. ಮೊದಲೇ ಮಾಡಿಟ್ಟ ವಿಡಿಯೋವನ್ನು ಹೇಳಿದ ಹೊತ್ತಿಗೆ ಎಲ್ಲರಿಗೂ ಒಟ್ಟಿಗೆ ತೋರಿಸುವುದು. ಪಕ್ಕದಲ್ಲಿ ಚಾಟ್ ಓಡುತ್ತಿರುತ್ತದೆ, ಲೈವ್ ಹಾಗೇ ಕಾಣುತ್ತದೆ, ಆದರೆ ಲೈವ್ ಅಲ್ಲ. ಕೋಡಿಂಗ್ ಮಾಡುವಾಗ ಕೇಳಲು ಅಂತ ಇಪ್ಪತ್ನಾಲ್ಕು ಗಂಟೆ ಓಡುವ ಸಂಗೀತದ ಚಾನೆಲ್‌ಗಳೂ ಹುಡುಕಿದಾಗ ಸಿಗುತ್ತವೆ. ಇವೆರಡನ್ನೂ ತೆಗೆಯಿರಿ. ರೆಕಾರ್ಡ್ ಮಾಡಿದ ಪಾಠಗಳು ಎಷ್ಟೇ ಚೆನ್ನಾಗಿರಲಿ, ಅವು ಬೇರೆ ಪಟ್ಟಿಗೆ ಹೋಗಲಿ.

ಇಷ್ಟು ಬಿಗಿ ಯಾಕೆ ಅಂತ ಕೇಳಬಹುದು. ಎಡಿಟ್ ಮಾಡಿದ ಪಾಠದಲ್ಲಿ ಪ್ರೋಗ್ರಾಂ ಮೊದಲ ಸಲಕ್ಕೇ ಓಡುತ್ತದೆ. ಲೈವ್‌ನಲ್ಲಿ ಓಡುವುದಿಲ್ಲ. ಇಪ್ಪತ್ತು ವರ್ಷ ಅನುಭವ ಇರುವವರೂ ಎರರ್ ನೋಡಿ ಸುಮ್ನೆ ಕೂರುತ್ತಾರೆ, ಕೈಪಿಡಿ ತೆರೆಯುತ್ತಾರೆ, ಮೂರು ಕಡೆ ಪ್ರಿಂಟ್ ಸಾಲು ಹಾಕಿ ನೋಡುತ್ತಾರೆ, ಅರ್ಧ ಗಂಟೆ ಬರೆದದ್ದನ್ನು ಅಳಿಸಿ ಬೇರೆ ದಾರಿ ಹಿಡಿಯುತ್ತಾರೆ. ಜಗಳೂರು, ಹೊನ್ನಾಳಿ, ಚನ್ನಗಿರಿ ಕಡೆಯಿಂದ ಬರುವ ನನ್ನ ಮಕ್ಕಳಲ್ಲಿ ಎಷ್ಟೋ ಜನ ಕೆಂಪು ಅಕ್ಷರದ ಎರರ್ ಕಂಡ ಕೂಡಲೇ ತಮಗೆ ತಲೆ ಇಲ್ಲ ಅಂದುಕೊಂಡು ಕೀಬೋರ್ಡಿನಿಂದ ಕೈ ತೆಗೆದುಬಿಡುತ್ತಾರೆ. ಆ ಎರರ್ ಎಲ್ಲರಿಗೂ ಬರುತ್ತದೆ ಅಂತ ನಾನು ಬಾಯಲ್ಲಿ ಎಷ್ಟು ಹೇಳಿದರೂ ನಂಬುವುದಿಲ್ಲ. ಒಬ್ಬ ಪಳಗಿದ ಪ್ರೋಗ್ರಾಮರ್ ಅದೇ ಎರರ್ ಮುಂದೆ ಇಪ್ಪತ್ತು ನಿಮಿಷ ಒದ್ದಾಡುವುದನ್ನು ಕಣ್ಣಾರೆ ನೋಡಿದಾಗ ನಂಬುತ್ತಾರೆ. ನಿಮ್ಮ ಪಟ್ಟಿ ಮಾಡಬೇಕಾದ ಕೆಲಸ ಅದು.

ಇನ್ನು 'ತಪ್ಪದೆ ಬರುವುದು' ಅಂದರೆ ಏನು ಅಂತ ನೀವು ಮೊದಲೇ ತೀರ್ಮಾನಿಸಿ, ಪಟ್ಟಿಯ ತಲೆಯಲ್ಲೇ ಬರೆಯಿರಿ. ನಮ್ಮ ಮಕ್ಕಳ ನಿಯಮ ಹೀಗಿದೆ: ಕಳೆದ ಎಂಟು ವಾರದಲ್ಲಿ, ಮೊದಲೇ ಹೇಳಿದ ದಿನದಂದು, ಹದಿನೈದು ದಿನಕ್ಕೊಂದಾದರೂ ಪ್ರಸಾರ ಆಗಿರಬೇಕು. ಯೂಟ್ಯೂಬ್ ಚಾನೆಲ್ಲಿನ 'ಲೈವ್' ವಿಭಾಗ ತೆರೆದರೆ ಹಳೇ ಪ್ರಸಾರಗಳು ಸಾಲಾಗಿ ಕಾಣುತ್ತವೆ, ಎಣಿಸಲು ಐದು ನಿಮಿಷ ಸಾಕು. ಲೈವ್ ಪ್ರಸಾರದ ಇನ್ನೊಂದು ವೇದಿಕೆ ಟ್ವಿಚ್‌ನಲ್ಲಿ 'ಶೆಡ್ಯೂಲ್' ಅಂತ ಇರುತ್ತದೆ. ಅದನ್ನು ಮಾತ್ರ ನಂಬಬೇಡಿ. ಶೆಡ್ಯೂಲ್ ಹಾಕಿ ಮರೆತವರೂ ಇದ್ದಾರೆ. ಹಿಂದಿನ ಪ್ರಸಾರಗಳೇ ಸಾಕ್ಷಿ.

ಈ ನಿಯಮಕ್ಕೆ ಸಿಗದ ಒಳ್ಳೆಯವರು ಬಹಳ ಇದ್ದಾರೆ. ಅವರಿಗೆ ಎರಡನೇ ಹಾಳೆ ಇಡಿ. ರಸ್ಟ್ ಭಾಷೆ ಕಲಿಸುವ ಜಾನ್ ಯೆಂಗ್‌ಸೆಟ್ ಅಂಥವರು. ಒಂದೊಂದು ಪ್ರಸಾರ ಹಲವು ಗಂಟೆ ಓಡುತ್ತದೆ, ವಾರದ ಲೆಕ್ಕಕ್ಕೆ ಸಿಗುವುದಿಲ್ಲ, ಆದರೆ ಎಲ್ಲ ಯೂಟ್ಯೂಬ್‌ನಲ್ಲಿ ಉಳಿದಿವೆ. ಕೇಸಿ ಮುರಟೋರಿ 2014ರ ನವೆಂಬರ್‌ನಲ್ಲಿ 'ಹ್ಯಾಂಡ್‌ಮೇಡ್ ಹೀರೋ' ಅಂತ ಶುರು ಮಾಡಿ, ಸಿದ್ಧ ಗೇಮ್ ಎಂಜಿನ್ ಬಳಸದೆ ಒಂದು ಗೇಮನ್ನು ಮೊದಲ ಸಾಲಿನಿಂದ ಎಲ್ಲರೆದುರೇ ಬರೆಯುತ್ತಾ ಹೋದರು. ಲೈವ್ ಕೋಡಿಂಗ್ ಅಂದರೆ ಏನು ಅಂತ ತಿಳಿಯಲು ಅದರ ಹಳೇ ಕಂತುಗಳಿಗಿಂತ ಒಳ್ಳೆಯದು ನನಗಂತೂ ಕಂಡಿಲ್ಲ. ಹೊಸಬರಿಗೆ ನಾನು ಮೊದಲು ಹೇಳುವ ಹೆಸರು ಮಾತ್ರ ಡೇನಿಯಲ್ ಶಿಫ್‌ಮನ್. ನ್ಯೂಯಾರ್ಕ್ ಯೂನಿವರ್ಸಿಟಿಯ ಮೇಷ್ಟ್ರು. 'ದಿ ಕೋಡಿಂಗ್ ಟ್ರೇನ್' ಅವರ ಚಾನೆಲ್. ಬ್ರೌಸರಿನಲ್ಲೇ ಚಿತ್ರ, ಚಲನೆ ಮೂಡಿಸುವ ಪಿ5.ಜೆಎಸ್ ಬಳಸುತ್ತಾರೆ. ತಪ್ಪಾದಾಗ ನಗುತ್ತಾರೆ, ಆಮೇಲೆ ಯಾಕೆ ತಪ್ಪಾಯಿತು ಅಂತ ಬಿಡಿಸಿ ಹೇಳುತ್ತಾರೆ. ಇವರೆಲ್ಲ ಈಗ ಯಾವ ದಿನ ಬರುತ್ತಾರೆ, ಬರುತ್ತಾರೋ ಇಲ್ಲವೋ ಎಂಬುದನ್ನು ನೀವೇ ಎಣಿಸಿ, ಮೊದಲ ಹಾಳೆಗೋ ಎರಡನೆಯದಕ್ಕೋ ಸೇರಿಸಿ. ನಾನು ಹೇಳಿದೆ ಅಂತ ಸೇರಿಸಬೇಡಿ.

ಪ್ರತಿ ಚಾನೆಲ್ಲಿನ ಮುಂದೆ ಏನೇನು ಬರೆಯಬೇಕು? ಹೆಸರು, ಲಿಂಕ್ ಹೇಗೂ ಬೇಕು. ಯಾವ ಪ್ರೋಗ್ರಾಮಿಂಗ್ ಭಾಷೆ, ಮಾತಾಡುವುದು ಯಾವ ಭಾಷೆಯಲ್ಲಿ, ಸದ್ಯ ಏನು ಕಟ್ಟುತ್ತಿದ್ದಾರೆ. 'ವೆಬ್ ಡೆವಲಪ್‌ಮೆಂಟ್' ಅಂತ ಬರೆದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. 'ಲೈಬ್ರರಿ ಪುಸ್ತಕದ ಲೆಕ್ಕ ಇಡುವ ಆಪ್, ಪೈಥಾನ್‌ನಲ್ಲಿ, ಡೇಟಾಬೇಸ್ ಹಂತದಲ್ಲಿದೆ' ಅಂತ ಬರೆದರೆ ನೋಡಬೇಕೋ ಬೇಡವೋ ಅಂತ ಆ ಕ್ಷಣಕ್ಕೇ ತಿಳಿಯುತ್ತದೆ. ರೆಕಾರ್ಡಿಂಗ್ ಉಳಿಯುತ್ತದೆಯೇ, ಎಷ್ಟು ದಿನ ಅಂತಲೂ ಬರೆಯಿರಿ. ಯೂಟ್ಯೂಬ್‌ನಲ್ಲಿ 12 ಗಂಟೆಯ ಒಳಗಿನ ಪ್ರಸಾರ ತಾನಾಗೇ ಉಳಿಯುತ್ತದೆ. ಟ್ವಿಚ್‌ನಲ್ಲಿ ಹಾಗಲ್ಲ, ಕೆಲವು ದಿನ ಅಥವಾ ಕೆಲವು ವಾರದ ಮೇಲೆ ಅಳಿದುಹೋಗುತ್ತದೆ. ಅದಕ್ಕೇ ಟ್ವಿಚ್‌ನವರು ಎಷ್ಟೋ ಜನ ಯೂಟ್ಯೂಬ್‌ನಲ್ಲೂ ಒಂದು ಪ್ರತಿ ಹಾಕುತ್ತಾರೆ. ಆ ಲಿಂಕನ್ನೂ ಹುಡುಕಿ ಬರೆಯಿರಿ. ನಮ್ಮ ಹುಡುಗಿಯರಲ್ಲಿ ಅರ್ಧದಷ್ಟು ಜನಕ್ಕೆ ಅದೇ ಮುಖ್ಯ. ಸಂಜೆಯ ಬಸ್ ಹಿಡಿದು ಊರಿಗೆ ಹೋಗುವವರು ರಾತ್ರಿ ಲೈವ್ ನೋಡಲಾಗದು, ಮರುದಿನ ಲ್ಯಾಬಿನಲ್ಲಿ ರೆಕಾರ್ಡಿಂಗ್ ನೋಡುತ್ತಾರೆ.

ಲಿಂಕ್ ಬರೆಯುವಾಗ ಒಂದು ಎಚ್ಚರಿಕೆ. ಯೂಟ್ಯೂಬ್‌ನಲ್ಲಿ ಅಟ್ ಚಿಹ್ನೆಯಿಂದ ಶುರುವಾಗುವ ಹೆಸರನ್ನು ಚಾನೆಲ್‌ನವರು ಬದಲಿಸಬಹುದು. ಚಾನೆಲ್ಲಿನ ವಿವರ ತೆರೆದು, ಹಂಚಿಕೊಳ್ಳುವ ಗುಂಡಿ ಒತ್ತಿದರೆ 'ಕಾಪಿ ಚಾನೆಲ್ ಐಡಿ' ಅಂತ ಸಿಗುತ್ತದೆ. 'ಯುಸಿ' ಅಕ್ಷರಗಳಿಂದ ಶುರುವಾಗುವ ಉದ್ದನೆಯ ಗುರುತು ಅದು. ಅದನ್ನೂ ಒಂದು ಕಾಲಂನಲ್ಲಿ ಇಟ್ಟುಕೊಳ್ಳಿ. ವೇದಿಕೆಗಳೇ ಮುಚ್ಚಿಹೋಗುವುದೂ ಉಂಟು. ಮೈಕ್ರೋಸಾಫ್ಟ್‌ನವರ ಮಿಕ್ಸರ್ 2020ರ ಜುಲೈನಲ್ಲಿ ಮುಚ್ಚಿತು. ಇಂಟರ್ನೆಟ್‌ನಲ್ಲಿ ಸಿಗುವ ಹಳೇ ಪಟ್ಟಿಗಳಿಂದ ನಕಲು ಮಾಡಿದರೆ ಅಂಥ ಲಿಂಕ್‌ಗಳು ನಿಮ್ಮದರಲ್ಲೂ ಸೇರಿಕೊಳ್ಳುತ್ತವೆ.

ಕೊನೇ ಕಾಲಂ ಯಾವತ್ತೂ 'ಕಡೆಯ ಸಲ ನೋಡಿದ್ದು ಯಾವಾಗ, ಯಾರು' ಅಂತ ಇರಲಿ. ಪಟ್ಟಿಯಲ್ಲಿ ನಾನು ಮೊದಲು ಕಣ್ಣು ಹಾಯಿಸುವುದೇ ಅಲ್ಲಿಗೆ. ಇಡೀ ಪಟ್ಟಿಯನ್ನು ಗೂಗಲ್ ಶೀಟ್‌ನಲ್ಲಿಡಿ. ಎಲ್ಲರೂ ನೋಡಬಹುದು, ನೀವು ಮಾತ್ರ ತಿದ್ದಬಹುದು ಅಂತ ಮಾಡಿ. ಹೊಸ ಹೆಸರು ಸೂಚಿಸುವವರಿಗೆ ಒಂದು ಫಾರ್ಮ್ ಕೊಡಿ. ವಾಟ್ಸಾಪ್‌ನಲ್ಲಿ ಶೀಟಿನ ಲಿಂಕನ್ನು ಪಿನ್ ಮಾಡಿದರೆ ಸಾಕು. ಪಟ್ಟಿಯನ್ನೇ ಅಲ್ಲಿ ಹಾಕಿದರೆ ಸಂಜೆಯೊಳಗೆ ಬೇರೆ ಮೆಸೇಜುಗಳ ಕೆಳಗೆ ಹೋಗಿಬಿಡುತ್ತದೆ.

ಪ್ರಶ್ನೆ: ನಮ್ಮ ಸೀನಿಯರ್ಸ್ ಮಾಡಿದ ಪಟ್ಟಿಯಲ್ಲಿ ಒಂದು ಪ್ರಸಾರಕ್ಕೆ 'ಶನಿವಾರ ರಾತ್ರಿ 8' ಅಂತ ಇತ್ತು. ರೂಮಿನವರೆಲ್ಲ ಕಾದು ಕೂತೆವು, ಏನೂ ಬರಲಿಲ್ಲ. ಭಾನುವಾರ ಬೆಳಿಗ್ಗೆ ಎದ್ದು ನೋಡಿದರೆ ಪ್ರಸಾರ ಮುಗಿದೇ ಹೋಗಿತ್ತು. ಹೀಗೇಕೆ? — ಡಿಪ್ಲೊಮಾ ವಿದ್ಯಾರ್ಥಿ, ಹರಿಹರ

ಉತ್ತರ: ನಿಮ್ಮ ಸೀನಿಯರ್ಸ್ ಅಲ್ಲಿಯ ಟೈಮನ್ನು ಹಾಗೇ ಬರೆದಿದ್ದಾರೆ. ನ್ಯೂಯಾರ್ಕಿನಲ್ಲಿ ಶನಿವಾರ ರಾತ್ರಿ 8 ಅಂದರೆ ಅಲ್ಲಿಯ ಬೇಸಿಗೆಯಲ್ಲಿ ಹರಿಹರದಲ್ಲಿ ಭಾನುವಾರ ಬೆಳಗಿನ ಜಾವ 5:30. ಟೈಮ್ ಜೊತೆ ವಾರವೂ ಬದಲಾಗುತ್ತದೆ. ಲೈವ್ ಪಟ್ಟಿ ಮಾಡುವವರು ಅತಿ ಹೆಚ್ಚು ಎಡವುವುದು ಇಲ್ಲೇ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಮ್ಮ ಗಡಿಯಾರ ವರ್ಷಪೂರ್ತಿ ಒಂದೇ. ಜಗತ್ತಿನ ಮೂಲ ಸಮಯ ಯುಟಿಸಿಗಿಂತ ನಾವು ಐದೂವರೆ ಗಂಟೆ ಮುಂದೆ. ಅಮೆರಿಕದಲ್ಲಿ ಹೆಚ್ಚಿನ ಕಡೆ ಮಾರ್ಚ್ ತಿಂಗಳ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ, ನವೆಂಬರ್ ಮೊದಲ ಭಾನುವಾರ ಹಿಂದಕ್ಕೆ. ಯೂರೋಪಿನಲ್ಲಿ ಮಾರ್ಚ್ ಕೊನೇ ಭಾನುವಾರ ಮತ್ತು ಅಕ್ಟೋಬರ್ ಕೊನೇ ಭಾನುವಾರ. ಈ ತಾರೀಕುಗಳು ಒಂದಕ್ಕೊಂದು ಹೊಂದುವುದಿಲ್ಲ ನೋಡಿ. ಹಾಗಾಗಿ ಮಾರ್ಚ್‌ನಲ್ಲಿ ಎರಡು ಮೂರು ವಾರ ಅಮೆರಿಕದ ಪ್ರಸಾರಗಳ ಟೈಮ್ ನಮಗೆ ಬದಲಾಗಿರುತ್ತದೆ, ಯೂರೋಪಿನದು ಇನ್ನೂ ಆಗಿರುವುದಿಲ್ಲ. ಕ್ಯಾಲಿಫೋರ್ನಿಯಾದವರು ಬೆಳಿಗ್ಗೆ 9ಕ್ಕೆ ಕೂತರೆ ಬೇಸಿಗೆಯಲ್ಲಿ ನಮಗೆ ರಾತ್ರಿ 9:30, ಚಳಿಗಾಲದಲ್ಲಿ 10:30. ಅವರು ಏನೂ ಬದಲಿಸಿರುವುದಿಲ್ಲ. ನಮ್ಮ ಪಟ್ಟಿ ಮಾತ್ರ ತಪ್ಪಾಗಿರುತ್ತದೆ.

ಪರಿಹಾರ ಸುಲಭ. ಶೀಟಿನಲ್ಲಿ ಅವರ ಊರಿನ ಟೈಮ್ ಮತ್ತು ಊರಿನ ಹೆಸರು ಬರೆಯಿರಿ: 'ಶನಿವಾರ ರಾತ್ರಿ 8, ನ್ಯೂಯಾರ್ಕ್'. ಪಕ್ಕದ ಕಾಲಂನಲ್ಲಿ ನಮ್ಮ ಟೈಮ್, ಬೇಸಿಗೆಯದು ಮತ್ತು ಚಳಿಗಾಲದ್ದು ಎರಡೂ. ಇದರ ಜೊತೆ ಒಂದು ಗೂಗಲ್ ಕ್ಯಾಲೆಂಡರ್ ಮಾಡಿ. ಅದರಲ್ಲಿ ಪ್ರತಿ ಪ್ರಸಾರವನ್ನು ವಾರವಾರ ಬರುವ ಕಾರ್ಯಕ್ರಮವಾಗಿ ಹಾಕುವಾಗ ಟೈಮ್ ಝೋನ್ ಅಂತ ಕೇಳುವ ಕಡೆ ಅವರ ಊರಿನದನ್ನೇ ಆರಿಸಿ. ನಮ್ಮದನ್ನು ಆರಿಸಬೇಡಿ. ಆಗ ಮಾರ್ಚ್, ನವೆಂಬರ್ ಬಂದಾಗ ನಿಮ್ಮ ಫೋನಿನಲ್ಲಿ ತಾನಾಗೇ ಸರಿಯಾದ ಟೈಮ್ ಕಾಣುತ್ತದೆ. ಆ ಕ್ಯಾಲೆಂಡರನ್ನು ಎಲ್ಲರಿಗೂ ಹಂಚಬಹುದು.

ಇನ್ನೊಂದು ಮಾತು. ಪಟ್ಟಿಯನ್ನು ಅಕ್ಷರ ಕ್ರಮದಲ್ಲಿ ಜೋಡಿಸಬೇಡಿ, ನಮ್ಮ ಹೊತ್ತಿಗೆ ತಕ್ಕಂತೆ ಜೋಡಿಸಿ. ಬರ್ಲಿನ್‌ನಲ್ಲಿ ಮಧ್ಯಾಹ್ನ 4 ಅಂದರೆ ನಮಗೆ ಬೇಸಿಗೆಯಲ್ಲಿ ಸಂಜೆ 7:30, ಚಳಿಗಾಲದಲ್ಲಿ 8:30. ಹಾಗಾಗಿ ಯೂರೋಪಿನವರು ಮಧ್ಯಾಹ್ನ ಮಾಡುವ ಪ್ರಸಾರಗಳೇ ನಮಗೆ ಹೇಳಿ ಮಾಡಿಸಿದ ಹೊತ್ತಿಗೆ ಬರುತ್ತವೆ. ಅವು ಮೊದಲಿರಲಿ. ಬೆಳಗಿನ ಜಾವ ಎದ್ದು ಓದುವ ಅಭ್ಯಾಸ ಇರುವವರಿಗೆ ಅಮೆರಿಕದ ಪೂರ್ವ ಕರಾವಳಿಯ ಸಂಜೆಯ ಪ್ರಸಾರಗಳು. ಭಾರತದವರದ್ದಕ್ಕೆ ಲೆಕ್ಕವೇ ಬೇಡ. ರಾತ್ರಿ ಹನ್ನೊಂದರ ಮೇಲಿನವನ್ನು 'ರೆಕಾರ್ಡಿಂಗ್ ನೋಡಿ' ಅಂತ ಗುರುತು ಹಾಕಿ ಕೆಳಗಿಡಿ.

ವರ್ಷಕ್ಕೊಮ್ಮೆ ಬರುವುದಕ್ಕೂ ಒಂದು ಜಾಗ ಇರಲಿ. ಎರಿಕ್ ವಾಸ್ಟಲ್ 2015ರಿಂದ ಪ್ರತಿ ಡಿಸೆಂಬರ್‌ನಲ್ಲಿ ನಡೆಸುವ 'ಅಡ್ವೆಂಟ್ ಆಫ್ ಕೋಡ್' ಒಗಟುಗಳು ನಮ್ಮ ಟೈಮಿಗೆ ಬೆಳಿಗ್ಗೆ 10:30ಕ್ಕೆ ತೆರೆಯುತ್ತವೆ. ಅವನ್ನು ಲೈವ್ ಬಿಡಿಸುವವರು ಆ ದಿನಗಳಲ್ಲಿ ಬಹಳ ಜನ ಸಿಗುತ್ತಾರೆ. ಪ್ರೋಗ್ರಾಮಿಂಗ್ ಸ್ಪರ್ಧೆಗಳ ತಾಣ ಕೋಡ್‌ಫೋರ್ಸಸ್‌ನ ಸ್ಪರ್ಧೆಗಳು ವರ್ಷವಿಡೀ ಇರುತ್ತವೆ, ಸಾಮಾನ್ಯವಾಗಿ ನಮ್ಮ ರಾತ್ರಿ 8:05ಕ್ಕೆ ಶುರು. ಅವು ನಡೆಯುವುದು ಮಾಸ್ಕೋ ಟೈಮಿಗೆ, ಅಲ್ಲಿ ಗಡಿಯಾರ ತಿರುಗಿಸುವ ಪದ್ಧತಿ ಈಗಿಲ್ಲ. ಹಾಗಾಗಿ ಇದು ಬೇಸಿಗೆ, ಚಳಿಗಾಲ ಎರಡರಲ್ಲೂ ಒಂದೇ. ಸ್ಪರ್ಧೆ ಮುಗಿದ ಮೇಲೆ ಲೆಕ್ಕಗಳನ್ನು ಚರ್ಚಿಸುವ ಲೈವ್‌ಗಳನ್ನು ಹುಡುಕಿ.

ಪ್ರಶ್ನೆ: ನನ್ನದು ಬಟ್ಟೆ ಅಂಗಡಿ. ಮಗ ಬಿ.ಸಿ.ಎ. ಓದುತ್ತಾನೆ. ರಾತ್ರಿ ಹನ್ನೆರಡಾದರೂ ಯಾರೋ ಪರದೇಶದವನು ಟೈಪ್ ಮಾಡುವುದನ್ನು ನೋಡುತ್ತಾ ಕೂತಿರುತ್ತಾನೆ. ಕೇಳಿದರೆ ಕಲಿಯುತ್ತಿದ್ದೇನೆ ಅಂತಾನೆ. ಆ ಆಪ್ ಗೇಮ್ ಆಡುವವರದ್ದಂತೆ. ನಂಬಬಹುದಾ ಮೇಡಂ? — ಒಬ್ಬ ತಂದೆ, ಚೌಕಿಪೇಟೆ, ದಾವಣಗೆರೆ

ಉತ್ತರ: ನಿಮ್ಮ ಆತಂಕ ಸರಿಯಾದದ್ದೇ ಸರ್. ಟ್ವಿಚ್ 2011ರಲ್ಲಿ ಶುರುವಾದದ್ದು ಗೇಮ್ ಆಡುವುದನ್ನು ತೋರಿಸಲಿಕ್ಕೆ. ಈಗಲೂ ಅಲ್ಲಿ ಅದೇ ಜಾಸ್ತಿ. ಆದರೆ 'ಸಾಫ್ಟ್‌ವೇರ್ ಅಂಡ್ ಗೇಮ್ ಡೆವಲಪ್‌ಮೆಂಟ್' ಅಂತ ಬೇರೆಯೇ ವಿಭಾಗ ಇದೆ. ಕೆಲಸ ಮಾಡುವ ಎಂಜಿನಿಯರ್‌ಗಳು ಅಲ್ಲಿ ತಮ್ಮ ಪರದೆ ತೋರಿಸುತ್ತಾ ಪ್ರೋಗ್ರಾಂ ಬರೆಯುತ್ತಾರೆ. ನಿಮ್ಮ ಮಗ ನೋಡುತ್ತಿರುವುದು ಅದೇ ಇರಬಹುದು.

ಒಂದು ರಾತ್ರಿ ಅಂಗಡಿ ಮುಚ್ಚಿ ಬಂದ ಮೇಲೆ ಅವನ ಪಕ್ಕದಲ್ಲಿ ಅರ್ಧ ಗಂಟೆ ಕೂತುಕೊಳ್ಳಿ. ಬೈಯಬೇಡಿ. 'ಇವರು ಈಗ ಏನು ಮಾಡ್ತಿದಾರಪ್ಪ?' ಅಂತ ಕೇಳಿ. ನಿಮಗೆ ಅರ್ಥವಾಗುವ ಹಾಗೆ ಎರಡು ಮಾತು ಹೇಳಿದರೆ ಅವನು ಗಮನ ಇಟ್ಟು ನೋಡುತ್ತಿದ್ದಾನೆ ಅಂತಲೇ ಅರ್ಥ. ಆಮೇಲೆ ಕೇಳಬೇಕಾದ್ದು ಇನ್ನೂ ಮುಖ್ಯ: 'ನೀನು ಏನು ಬರೆದೆ, ತೋರಿಸು.' ಬರೀ ನೋಡಿದರೆ ಪ್ರೋಗ್ರಾಮಿಂಗ್ ಬರುವುದಿಲ್ಲ, ಯಾರಿಗೂ ಬಂದಿಲ್ಲ. ಒಂದು ಗಂಟೆ ನೋಡಿದರೆ ಒಂದು ಗಂಟೆಯಾದರೂ ತಾನೇ ಕೂತು ಬರೆಯಬೇಕು. ನಮ್ಮ ಮಕ್ಕಳಿಗೆ ನಾನು ಹೇಳುವುದೂ ಇದನ್ನೇ. ಪ್ರಸಾರದವರು ಮುಂದೆ ಏನು ಬರೆಯಬಹುದು ಅಂತ ಮೊದಲು ನೀವು ಊಹಿಸಿ, ಆಮೇಲೆ ನೋಡಿ.

ನಿದ್ದೆಗೆಡುವುದು ಮಾತ್ರ ಬೇಡ. ಹೆಚ್ಚಿನ ಪ್ರಸಾರಗಳ ರೆಕಾರ್ಡಿಂಗ್ ಮರುದಿನವೂ ಸಿಗುತ್ತದೆ. ಚಾಟ್‌ನಲ್ಲಿ ಪ್ರಶ್ನೆ ಕೇಳಲೇಬೇಕು ಅನ್ನುವ ದಿನ ವಾರಕ್ಕೊಂದು ಸಾಕು. ಆ ದಿನ ಅವನೇ ಆರಿಸಿಕೊಳ್ಳಲಿ.

ಪ್ರಶ್ನೆ: ನಮ್ಮ ವಿದ್ಯಾರ್ಥಿಗಳು ಇಂಥ ಪಟ್ಟಿ ಮಾಡುತ್ತಿದ್ದಾರೆ. ಚಾನೆಲ್‌ನವರ ಒಪ್ಪಿಗೆ ಕೇಳಬೇಕೇ? ಕೆಲವರು ತುಂಬ ಸಣ್ಣ ಚಾನೆಲ್‌ನವರು. — ಉಪನ್ಯಾಸಕರು, ಚಿತ್ರದುರ್ಗ

ಉತ್ತರ: ಎಲ್ಲರಿಗೂ ತೆರೆದಿರುವ ಚಾನೆಲ್ಲಿನ ಲಿಂಕ್ ಕೊಡಲು ಒಪ್ಪಿಗೆ ಬೇಕಿಲ್ಲ ಸರ್. ಆದರೂ ಹತ್ತಿಪ್ಪತ್ತು ಜನ ಮಾತ್ರ ನೋಡುವ ಸಣ್ಣ ಚಾನೆಲ್ ಆದರೆ ನಾನು ಕೇಳಿಸುತ್ತೇನೆ. ಇದ್ದಕ್ಕಿದ್ದಂತೆ ಒಂದು ಕಾಲೇಜಿನ ನೂರು ಹುಡುಗರು ಚಾಟ್‌ಗೆ ನುಗ್ಗಿದರೆ ಅವರಿಗೆ ಕಷ್ಟ. 'ನಿಮ್ಮ ಪ್ರಸಾರವನ್ನು ನಮ್ಮ ವಿದ್ಯಾರ್ಥಿಗಳ ಪಟ್ಟಿಗೆ ಸೇರಿಸಬಹುದೇ, ದಿನ ಮತ್ತು ಟೈಮ್ ಇದು ಸರಿಯೇ' ಅಂತ ಎರಡು ಸಾಲು ಬರೆದರೆ ಸಾಕು. ಟೈಮ್ ಖಚಿತವಾಗುವುದು ಅದರಿಂದ ಸಿಗುವ ಲಾಭ.

ಚಾನೆಲ್‌ನವರು ತಾವೇ ಪ್ರಕಟಿಸದ ಯಾವ ವಿವರವನ್ನೂ ಬರೆಯಬಾರದು. ನಿಜವಾದ ಹೆಸರು, ಊರು, ಕೆಲಸ ಮಾಡುವ ಕಂಪನಿ, ಫೋನ್ ನಂಬರ್ ಯಾವುದೂ ಬೇಡ. ತೆಗೆಯಿರಿ ಅಂದರೆ ಕಾರಣ ಕೇಳದೆ ಅದೇ ದಿನ ತೆಗೆಯಬೇಕು. ಪ್ರಸಾರವನ್ನು ಡೌನ್‌ಲೋಡ್ ಮಾಡಿ ತಮ್ಮ ಚಾನೆಲ್‌ನಲ್ಲಿ ಹಾಕುವುದು ತಪ್ಪು, ಅದನ್ನು ಮಕ್ಕಳಿಗೆ ಸ್ಪಷ್ಟವಾಗಿ ಹೇಳಿ.

ಇನ್ನೊಂದನ್ನು ನಾನು ಒತ್ತಿ ಹೇಳುತ್ತೇನೆ. ಹೆಣ್ಣುಮಕ್ಕಳು ಕೋಡ್ ಬರೆಯುವ ಪ್ರಸಾರಗಳಲ್ಲಿ ಚಾಟ್ ಎಷ್ಟೋ ಸಲ ಕೋಡ್ ಬಿಟ್ಟು ಬೇರೆಲ್ಲದರ ಬಗ್ಗೆ ಇರುತ್ತದೆ. ನಿಮ್ಮ ಪಟ್ಟಿ ಹಿಡಿದು ಹೋದವರಿಂದ ಅಂಥದು ಆಗಬಾರದು. ಚಾಟ್‌ನಲ್ಲಿ ಹೇಗಿರಬೇಕು ಅಂತ ಪಟ್ಟಿಯ ಮೇಲೇ ಬರೆಯಿರಿ: ಕೋಡ್ ಬಗ್ಗೆ ಮಾತ್ರ ಕೇಳಿ, ಕೆಲಸ ಕೊಡಿಸಿ ಅಂತ ಬೇಡಬೇಡಿ, ನಿಮ್ಮ ಫೋನ್ ನಂಬರ್ ಹಾಕಬೇಡಿ. ಪ್ರಶ್ನೆಯಲ್ಲಿ ಸಾಲಿನ ನಂಬರ್ ಅಥವಾ ಫಂಕ್ಷನ್ ಹೆಸರು ಇರಲಿ. ಪ್ರಸಾರ ನಮಗೆ ತಲುಪುವುದು ಕೆಲವು ಸೆಕೆಂಡ್ ತಡವಾಗಿ. 'ಇದು ಯಾಕೆ?' ಅಂತ ನಾವು ಕೇಳುವ ಹೊತ್ತಿಗೆ ಅವರು ಬೇರೆ ಫೈಲಿಗೆ ಹೋಗಿರುತ್ತಾರೆ.

ಪ್ರಶ್ನೆ: ದಿನಕ್ಕೆ ಒಂದೂವರೆ ಜಿಬಿ ಡೇಟಾ ಇದೆ. ಲೈವ್ ನೋಡಲು ಸಾಕಾಗುತ್ತದೆಯೇ? — ಓದುಗ, ಚಳ್ಳಕೆರೆ

ಉತ್ತರ: ಲೆಕ್ಕ ಹಾಕೋಣ. 720ಪಿ, ಅಂದರೆ ಚಿತ್ರ ಸ್ಪಷ್ಟವಾಗಿ ಕಾಣುವ ಗುಣಮಟ್ಟದ ಪ್ರಸಾರ, ಸೆಕೆಂಡಿಗೆ 3 ಮೆಗಾಬಿಟ್ ಅಂತ ಇಟ್ಟುಕೊಂಡರೆ ಗಂಟೆಗೆ ಸುಮಾರು 1.35 ಜಿಬಿ. ಅಲ್ಲಿಗೆ ದಿನದ ಡೇಟಾ ಮುಗಿಯಿತು. 480ಪಿಗೆ ಇಳಿಸಿ, ಸೆಕೆಂಡಿಗೆ 1 ಮೆಗಾಬಿಟ್ ಆದರೆ ಗಂಟೆಗೆ 450 ಎಂಬಿ. ಆದರೆ 480ಪಿಯಲ್ಲಿ ಸಣ್ಣ ಅಕ್ಷರದ ಕೋಡ್ ಓದಲಾಗದು. ಪಟ್ಟಿ ಮಾಡುವವರು '480ರಲ್ಲಿ ಓದಬಹುದು' ಅಂತ ಒಂದು ಕಾಲಂ ಇಟ್ಟರೆ ನಿಮ್ಮಂಥ ಓದುಗರಿಗೆ ದೊಡ್ಡ ಉಪಕಾರ. ಫೋನಿನಲ್ಲಿ 480ಪಿ ಇಟ್ಟು ಒಬ್ಬರೇ ಕೂತು ಪರೀಕ್ಷಿಸಿದರೆ ಸಾಕು, ತಕ್ಷಣ ಗೊತ್ತಾಗುತ್ತದೆ.

ಪ್ರಶ್ನೆ: ಮೇಡಂ, ಎಷ್ಟು ಹುಡುಕಿದರೂ ಕನ್ನಡದಲ್ಲಿ ತಪ್ಪದೆ ಲೈವ್ ಕೋಡಿಂಗ್ ಮಾಡುವವರು ನನಗೆ ಸಿಗಲಿಲ್ಲ. ನಾನೇ ಮಾಡಲಾ ಅನ್ನಿಸುತ್ತಿದೆ. ಜಾವಾಸ್ಕ್ರಿಪ್ಟ್ ಚೆನ್ನಾಗಿ ಬರುತ್ತದೆ. ಪಟ್ಟಿಗೆ ನನ್ನ ಹೆಸರು ನಾನೇ ಕೊಡಬಹುದಾ? — ಜಗಳೂರಿನ ಓದುಗ

ಉತ್ತರ: ಖಂಡಿತ ಮಾಡಿ ತಮ್ಮಾ. ಈ ತಿಂಗಳ ಪತ್ರಗಳಲ್ಲಿ ನನಗೆ ಅತಿ ಸಂತೋಷ ಕೊಟ್ಟದ್ದು ನಿಮ್ಮದು. 'ಲೂಪ್', 'ಫಂಕ್ಷನ್' ಎಲ್ಲ ಹಾಗೇ ಇರಲಿ, ಯೋಚನೆ ಮಾಡುವುದನ್ನು ಕನ್ನಡದಲ್ಲಿ ಮಾಡಿ. 'ಇಲ್ಲಿ ಬೆಲೆ ಯಾಕೆ ಸೊನ್ನೆ ಬರ್ತಿದೆ? ಮೇಲಿನ ಸಾಲು ನೋಡೋಣ' ಅಂತ ಒಬ್ಬರು ಜೋರಾಗಿ ಯೋಚಿಸುವುದನ್ನು ನಮ್ಮ ಮಕ್ಕಳು ನಮ್ಮ ಭಾಷೆಯಲ್ಲಿ ಕೇಳಬೇಕು. ಇಂಗ್ಲಿಷ್ ಹಿಂದೆ ಓಡುವುದರಲ್ಲೇ ಅವರ ಅರ್ಧ ಶಕ್ತಿ ಹೋಗುತ್ತದೆ.

ಬೇಕಾದ್ದು ಕಡಿಮೆ. ನಿಮ್ಮ ಪರದೆ, ದನಿ ಎರಡನ್ನೂ ಲೈವ್ ಕಳಿಸುವ ಓಬಿಎಸ್ ಸ್ಟುಡಿಯೋ ಉಚಿತ ತಂತ್ರಾಂಶ. ವಿಂಡೋಸ್, ಲಿನಕ್ಸ್ ಎರಡರಲ್ಲೂ ಓಡುತ್ತದೆ. ಯೂಟ್ಯೂಬ್‌ನಲ್ಲಿ ಲೈವ್ ಮೊದಲ ಸಲ ತೆರೆಸಲು 24 ಗಂಟೆಯವರೆಗೆ ಕಾಯಬೇಕಾಗಬಹುದು, ಹಾಗಾಗಿ ಹಿಂದಿನ ದಿನವೇ ಅರ್ಜಿ ಹಾಕಿ. ಫೋನಿನಿಂದ ಲೈವ್ ಹೋಗಲು 50 ಚಂದಾದಾರರು ಬೇಕು, ಕಂಪ್ಯೂಟರಿನಿಂದ ಆ ಷರತ್ತಿಲ್ಲ. ಅಕ್ಷರದ ಗಾತ್ರ ನಿಮಗೆ ಅತಿ ಅನ್ನಿಸುವಷ್ಟು ದೊಡ್ಡದು ಮಾಡಿ, ನೋಡುವವರ ಕೈಯಲ್ಲಿರುವುದು ಫೋನು. ದನಿ ಚಿತ್ರಕ್ಕಿಂತ ಮುಖ್ಯ. ಫೋನಿನ ಜೊತೆ ಬಂದ ಇಯರ್‌ಫೋನಿನ ಮೈಕ್ ಆದರೂ ಪರವಾಗಿಲ್ಲ, ಫ್ಯಾನ್ ಮಾತ್ರ ಆರಿಸಿ. ಕಂಪ್ಯೂಟರಿನಲ್ಲಿ ಪ್ರಸಾರಕ್ಕೆ ಅಂತಲೇ ಬೇರೆ ಯೂಸರ್ ಖಾತೆ ಮಾಡಿ. ಇಲ್ಲದಿದ್ದರೆ ಪಾಸ್‌ವರ್ಡ್, ಎಪಿಐ ಕೀ (ಬೇರೆ ಸೇವೆಗಳನ್ನು ಪ್ರೋಗ್ರಾಂನಿಂದ ಬಳಸಲು ಕೊಡುವ ಗುಟ್ಟಿನ ಸಂಕೇತ), ಬ್ಯಾಂಕಿನ ಮೆಸೇಜು ಯಾವುದಾದರೂ ಪರದೆ ಮೇಲೆ ಬಂದುಬಿಡುತ್ತದೆ. ಲೈವ್‌ನಲ್ಲಿ ಒಮ್ಮೆ ಕಂಡ ಕೀಯನ್ನು ಕೂಡಲೇ ರದ್ದು ಮಾಡಿ ಹೊಸದು ಪಡೆಯಲೇಬೇಕು.

ವಾರಕ್ಕೆ ಒಂದೇ ದಿನ, ಒಂದೇ ಗಂಟೆ ಇಟ್ಟುಕೊಳ್ಳಿ. ದಿನಾ ಬರುತ್ತೇನೆ ಅಂತ ಶುರು ಮಾಡಬೇಡಿ. ಕರೆಂಟ್ ಹೋಗುವ ಹೊತ್ತು ನಿಮ್ಮೂರಲ್ಲಿ ಯಾವುದು ಅಂತ ನಿಮಗೆ ಗೊತ್ತಿರುತ್ತದೆ, ಅದನ್ನು ಬಿಟ್ಟು ಆರಿಸಿ. ಮೊದಲ ವಾರಗಳಲ್ಲಿ ನಾಲ್ಕು ಜನ ನೋಡಿದರೂ ಹೇಳಿದ ದಿನ ಬನ್ನಿ. ಬರಲಾಗದಿದ್ದರೆ ಹಿಂದಿನ ದಿನವೇ ತಿಳಿಸಿ.

ನಿಮ್ಮ ಹೆಸರು ನೀವೇ ಕೊಡುವುದರಲ್ಲಿ ಸಂಕೋಚ ಬೇಡ, ಫಾರ್ಮ್ ಇರುವುದೇ ಅದಕ್ಕೆ. ಎಂಟು ವಾರದ ನಿಯಮ ಎಲ್ಲರಿಗೂ ಇದೆ. ಕನ್ನಡದವರಿಗೆ ಮಾತ್ರ ನಾನು ಸ್ವಲ್ಪ ಸಡಿಲ ಬಿಡುತ್ತೇನೆ. ಎರಡನೇ ಪ್ರಸಾರ ಆದ ಕೂಡಲೇ 'ಹೊಸತು' ಅಂತ ಗುರುತು ಹಾಕಿ ಸೇರಿಸಲಿ, ಎಂಟು ವಾರ ಆದ ಮೇಲೆ ಗುರುತು ತೆಗೆಯಲಿ. ಪಟ್ಟಿ ಮಾಡುವ ಎಲ್ಲ ಓದುಗರಿಗೂ ಇದು ನನ್ನ ಕೋರಿಕೆ.

ಪ್ರಶ್ನೆ: ಮೂರು ವರ್ಷ ಪಟ್ಟಿ ನೋಡಿಕೊಂಡೆವು. ಈಗ ಕೊನೇ ಸೆಮಿಸ್ಟರ್. ಮುಂದೆ ಯಾರಿಗೆ ಕೊಡುವುದು? — ದಾವಣಗೆರೆ

ಉತ್ತರ: ಒಬ್ಬರಿಗೆ ಕೊಡಬೇಡಿ, ಎರಡನೇ ವರ್ಷದ ಇಬ್ಬರಿಗೆ ಕೊಡಿ. ಶೀಟಿನ ಮಾಲೀಕತ್ವ ನಿಮ್ಮ ಸ್ವಂತ ಜಿಮೇಲ್‌ನಲ್ಲಿದ್ದರೆ ಪಟ್ಟಿಗೆ ಅಂತಲೇ ಒಂದು ಖಾತೆ ಮಾಡಿ ಅದಕ್ಕೆ ವರ್ಗಾಯಿಸಿ. ಕ್ಯಾಲೆಂಡರನ್ನು ಮರೆಯಬೇಡಿ, ಅದಕ್ಕೂ ಬೇರೆಯಾಗಿ ಅನುಮತಿ ಕೊಡಬೇಕು. ತಿಂಗಳಿಗೊಮ್ಮೆ ಪಟ್ಟಿಯ ಎಲ್ಲ ಚಾನೆಲ್ ತೆರೆದು ನೋಡುವ ಕೆಲಸಕ್ಕೆ ಅವರನ್ನು ಜೊತೆಗೆ ಕೂರಿಸಿಕೊಂಡು ಮೂರು ಸಲವಾದರೂ ಮಾಡಿ ತೋರಿಸಿ. ಪರೀಕ್ಷೆ ಹತ್ತಿರ ಬಂದ ಮೇಲೆ ನಿಮಗೂ ಪುರುಸೊತ್ತಿರುವುದಿಲ್ಲ, ಅವರಿಗೂ ಇರುವುದಿಲ್ಲ. ಸೆಮಿಸ್ಟರ್ ಶುರುವಾದ ಮೊದಲ ತಿಂಗಳಲ್ಲೇ ಶುರು ಮಾಡಿ. ಮಾರ್ಚ್ ಬರುವ ಮೊದಲು ಕೈ ಬದಲಾದರೆ ಗಡಿಯಾರ ಬದಲಾಗುವ ವಾರದಲ್ಲಿ ಅವರು ಕೆಲಸ ಕಲಿಯುವಾಗ ನೀವೂ ಜೊತೆಗಿರುತ್ತೀರಿ.